ಗುರುಪಾದ ನುಂಗಿದ ಇಂಗ್ಲಿಷ್ ಪದಗಳು

ಎಲೆ ಅಡಿಕೆ ಬಾಯಲ್ಲಿರೋರು ಮೊದಲು ಹೋಗಿ ಉಗಿದು ಬನ್ನಿ. ಈ ಕತೇಲಿ ನಗು ಎಲ್ಲಿ ಬರುತ್ತೋ ನನಗೂ ಗೊತ್ತಿಲ್ಲ, ಆಮೇಲೆ ಗಂಟಲಿಗೆ ಸಿಕ್ಕಿಕೊಂಡರೆ ನನ್ನನ್ನ ಬೈಯಬೇಡಿ. ಉಗಿದಿರಾ? ಸರಿ, ಕೂತ್ಕೊಳ್ಳಿ.

ಒಂದೂರಲ್ಲಿ ದೇವೀರಮ್ಮ ಅಂತ ಇದ್ದಳು. ಗಂಡ ತೀರಿಕೊಂಡಿದ್ದ. ಒಂದು ಹಿಟ್ಟಿನ ಗಿರಣಿ, ಇಬ್ಬರು ಮಕ್ಕಳು. ಮಗಳು ಜಯಶೀಲ ಪಿಯುಸಿ ಓದಿದ್ದಳು, ಮನೆ ಜಗಲೀಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಮಗ ಗುರುಪಾದ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು, ಆರಡಿ ಆಳು. ಮೂಟೆ ಹೊತ್ಕೋ ಅಂದರೆ ಹೊತ್ಕೊಳ್ಳೋನು. ಇಳಿಸು ಅನ್ನೋವರೆಗೂ ಹೊತ್ತುಕೊಂಡೇ ನಿಂತಿರೋನು.

ಹಾಲು ಉಕ್ಕಿದರೆ ಹೇಳು ಅಂತ ಅವ್ವ ಒಂದಿನ ಒಲೆ ಮುಂದೆ ಕೂರಿಸಿ ಹೋದಳು. ಹಾಲು ಉಕ್ಕಿತು, ಹರಿಯಿತು, ಒಲೆ ಆರಿತು. ಇವನು ಎದ್ದು ಬಂದು, "ಅವ್ವಾ, ಉಕ್ಕಿತು!" ಅಂದ.

"ಇಳಿಸಬಾರದೇನೋ?"

"ಹೇಳು ಅಂದೆ, ಹೇಳಿದೆ. ಇಳಿಸು ಅನ್ನಲಿಲ್ಲವಲ್ಲ!"

ಗಿರಣಿಗೆ ಬಂದವರ ಹೆಸರನ್ನ ಡಬ್ಬದ ಮೇಲೆ ಬರಿ ಅಂದರೆ ಹನ್ನೆರಡು ಡಬ್ಬದ ಮೇಲೂ ಸೀಮೆಸುಣ್ಣದಲ್ಲಿ ಮುದ್ದಾಗಿ 'ಬಂದವರ ಹೆಸರು' ಅಂತ ಬರೆದಿಟ್ಟಿದ್ದ. ಅವತ್ತು ಯಾರ ರಾಗಿ ಯಾರ ಮನೆಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

"ಮಾತು ಕೇಳದ ಮಕ್ಕಳಿಗೆ ಬೈಯೋ ತಾಯಂದಿರನ್ನ ನೋಡಿದ್ದೀನಿ. ನನ್ನ ಮಗ ಮಾತು ಕೇಳ್ತಾನಲ್ಲ, ಅದೇ ನನ್ನ ಕರ್ಮ!" ಅಂತ ದೇವೀರಮ್ಮ ಹಣೆ ಚಚ್ಚಿಕೊಳ್ಳೋಳು.

ಹೀಗಿರುವಾಗ ಸರ್ವೆ ಇಲಾಖೆಯ ಹುಡುಗನೊಬ್ಬ ಗಿರಣಿ ಹಿಂದಿನ ಜಾಗ ಅಳೆಯೋಕೆ ಬಂದ. ಹೆಸರು ವೃಷಭೇಂದ್ರ. ಬೇಲಿಗೆ ಸಿಕ್ಕಿ ಅವನ ಅಂಗಿ ಜೇಬು ಹರಿಯಿತು, ಜಯಶೀಲ ಹೊಲಿದುಕೊಟ್ಟಳು. ಮಾರನೇ ದಿನ ಗುಂಡಿ ಬಿದ್ದುಹೋಯಿತು ಅಂತ ಬಂದ. ಅದರ ಮಾರನೇ ದಿನ ಇನ್ನೊಂದು ಗುಂಡಿ. ಅದು ಬಿದ್ದದ್ದಲ್ಲ, ಕತ್ತರಿಯಲ್ಲಿ ಕತ್ತರಿಸಿಕೊಂಡು ಬಂದದ್ದು ಅಂತ ದಾರದ ತುದಿ ನೋಡಿದ ಕೂಡಲೇ ಜಯಶೀಲಳಿಗೆ ಗೊತ್ತಾಯಿತು. ಏನೂ ಅನ್ನದೆ ಹೊಲಿದುಕೊಟ್ಟಳು. ಆಮೇಲೆ ಎರಡು ದಿನ ಅವಳು ರವಿಕೆಗೆ ಕೂರಿಸಿದ ತೋಳೆಲ್ಲ ತಿರುವುಮುರುವು.

ಹುಡುಗನಿಗೆ ಅಪ್ಪ ಅಮ್ಮ ಇರಲಿಲ್ಲ. ಸಾಕಿದವರು ದೊಡ್ಡಪ್ಪ ಶಾಂತವೀರಪ್ಪ ಮೇಷ್ಟ್ರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು. ಹುಡುಗ ಮದುವೆ ಮಾತೆತ್ತಿದಾಗ ಅವರು ಜಾತಕ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಅವರ ಹತ್ತಿರ ಒಂದು ಚಿಕ್ಕ ನೋಟ್‌ಬುಕ್ ಇತ್ತು. ಕಂಡವರ ಹೆಸರು ಬರೆದು, ಎದುರಿಗೆ ಅವರ ಸ್ವಭಾವಕ್ಕೆ ತಕ್ಕ ಒಂದೇ ಒಂದು ಇಂಗ್ಲಿಷ್ ಪದ ಬರೆಯೋರು. ಒಂದು ಸಲ ಬರೆದರೆ ಮುಗೀತು. "ಹುಡುಗಿ ಸ್ವಭಾವ ಹೇಳಿ, ಸಾಕು. ಅಣ್ಣನನ್ನ ಫೋಟೋ ಕೊಟ್ಟು ಕಳಿಸಿ," ಅಂತ ಹೇಳಿಕಳಿಸಿದರು.

ದೇವೀರಮ್ಮ ಮಗನನ್ನ ನೋಡಿದಳು, ದೇವರ ಪಟ ನೋಡಿದಳು. ಆದರೆ ಮನೇಲಿ ಬೇರೆ ಗಂಡಸು ಯಾರಿದ್ದಾರೆ?

"ಲೋ ಗುರುಪಾದ, ನಿನ್ನ ತಂಗಿ ಬದುಕು ಕಣೋ ಇದು. ಹುಡುಗಿ ಹೇಗೆ ಅಂತ ಮೇಷ್ಟ್ರು ಕೇಳ್ತಾರೆ. ಏನಂತೀಯ?"

"ಚೆನ್ನಾಗಿದ್ದಾಳೆ ಅಂತೀನಿ."

"ಅಯ್ಯೋ, ಇಂಗ್ಲಿಷ್ ಮೇಷ್ಟ್ರು ಕಣೋ!" ದೇವೀರಮ್ಮ ಮಗಳ ಕಡೆ ತಿರುಗಿದಳು. "ನೀನೇ ಒಂದು ಪದ ಹೇಳಿಕೊಡೇ."

"ಸಿಂಪಲ್ ಅನ್ನಣ್ಣ," ಅಂದಳು ಜಯಶೀಲ. "ಆಡಂಬರ ಇಲ್ಲದೋಳು ಅಂತ."

ಗುರುಪಾದ ದಾರಿಯುದ್ದಕ್ಕೂ ಸಿಂಪಲ್ ಸಿಂಪಲ್ ಅಂತ ಬಾಯಿಪಾಠ ಮಾಡಿಕೊಂಡು ಹೋದ. ಬಸ್ ಕಂಡಕ್ಟರ್ ಯಾವೂರು ಅಂದರೂ ಸಿಂಪಲ್ ಅಂದ.

ಮೇಷ್ಟ್ರು ಕನ್ನಡಕ ಏರಿಸಿ ಕೇಳಿದರು. "ಹುಡುಗಿ ಹೇಗಪ್ಪಾ?"

"ಸಿಂಪಲ್!"

"ಭೇಷ್! ಉಡುಗೆ ತೊಡುಗೆ?"

"ಸಿಂಪಲ್!"

"ಭೇಷ್ ಭೇಷ್! ಬುದ್ಧಿ?"

"ತುಂಬಾ ಸಿಂಪಲ್!"

ಮೇಷ್ಟ್ರ ಪೆನ್ನು ಅಲ್ಲೇ ನಿಂತಿತು. "ಬುದ್ಧೀನೂ ಸಿಂಪಲ್ಲಾ?"

"ಮನೇಲಿ ಎಲ್ಲರಿಗಿಂತ ಸಿಂಪಲ್ ಸಾರ್!"

ಬಟ್ಟೆ ಸಿಂಪಲ್ ಆದರೆ ಸರಳ. ಬುದ್ಧಿ ಸಿಂಪಲ್ ಆದರೆ ಪೆದ್ದು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಚ್ಚಿದರು.

ಮನೆಗೆ ಬಂದು ಗುರುಪಾದ ನಡೆದದ್ದೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದ. ಅದೊಂದು ಗುಣ ಇತ್ತು ಅವನಿಗೆ. ದೇವೀರಮ್ಮ ಮೊರ ಎಸೆದಳು. "ತಂಗೀನ ಪೆದ್ದಿ ಅಂದುಬಂದಿದ್ದೀಯಲ್ಲೋ, ನೀನಿರುವಾಗ!"

"ಬುದ್ಧಿ ಅಂತ ಕೇಳಿದರೆ ಶಾರ್ಪ್ ಅನ್ನಬೇಕಣ್ಣ, ಶಾರ್ಪ್," ಅಂದಳು ಜಯಶೀಲ. "ಚುರುಕು ಅಂತ."

"ಸರಿ. ಹಾಗೇ ಅಂತೀನಿ."

ಮುಂದಿನ ವಾರ ದೇವೀರಮ್ಮ ಒಬ್ಬಟ್ಟು ಮಾಡಿ ಡಬ್ಬಿ ಕಟ್ಟಿ ಕಳಿಸಿದಳು. ಮೇಷ್ಟ್ರು ಮನೇಲಿರಲಿಲ್ಲ. ಅವರ ಹೆಂಡತಿ ಗಂಗಾಂಬಿಕಮ್ಮ ಇದ್ದರು. ನಾಳೆ ಸೊಸೆ ಜೊತೆ ಒಂದೇ ಅಡುಗೆಮನೇಲಿ ಇರಬೇಕಾದವರು. ಒಬ್ಬಟ್ಟು ಮುರಿದು ಬಾಯಿಗಿಟ್ಟು, "ನಿನ್ನ ತಂಗಿ ಬುದ್ಧಿ ಹೇಗಪ್ಪಾ?" ಅಂದರು.

"ಶಾರ್ಪ್!"

"ಬೇಕಾದದ್ದೇ. ಕೆಲಸ?"

"ಶಾರ್ಪ್!"

"ಮಾತು?"

"ಶಾರ್ಪ್!"

"ನಾಲಗೆ?"

"ಅದಂತೂ ಎಲ್ಲಕ್ಕಿಂತ ಶಾರ್ಪ್ ಅಮ್ಮಾ!"

ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರ ಜೊತೆ ಸಂಸಾರ ಮಾಡಿದ ಹೆಂಗಸು, ಅಷ್ಟು ತಿಳಿಯದೇ? ಬಾಯಲ್ಲಿದ್ದ ಒಬ್ಬಟ್ಟು ಗಂಟಲಲ್ಲೇ ನಿಂತಿತು. ಗುರುಪಾದನೇ ಎದ್ದುಹೋಗಿ ನೀರು ತಂದುಕೊಟ್ಟ.

"ಎಲ್ಲದಕ್ಕೂ ಒಂದೇ ಪದವೇನೋ, ಮೊಂಡ!" ಅಂತ ದೇವೀರಮ್ಮ ಕೂಗಿದ್ದು ಮೂರು ಬೀದಿಗೆ ಕೇಳಿಸಿತು.

ಜಯಶೀಲ ಮಿಷನ್ ನಿಲ್ಲಿಸಿ ಬಂದು ಅಣ್ಣನ ಎದುರಿಗೆ ಕೂತಳು. ಪಾಪ, ಮಗ್ಗಿ ಹೇಳಿಕೊಡೋ ಹಾಗೆ ಹೇಳಿಕೊಟ್ಟಳು. "ನೋಡಣ್ಣ. ಒಂದೇ ಗುಣಕ್ಕೆ ಇಂಗ್ಲಿಷಲ್ಲಿ ಎರಡೆರಡು ಪದ ಇರುತ್ತೆ. ಒಂದು ಹೊಗಳೋಕೆ, ಒಂದು ತೆಗಳೋಕೆ. ಹಠಮಾರಿಗೆ ಸ್ಟಬ್ಬರ್ನ್ ಅಂದರೆ ಬೈದ ಹಾಗೆ. ಫರ್ಮ್ ಅಂದರೆ ಹೊಗಳಿದ ಹಾಗೆ, ಗಟ್ಟಿ ಮನಸ್ಸು ಅಂತ. ಮುಖಕ್ಕೆ ಹೊಡೆದ ಹಾಗೆ ಮಾತಾಡೋರಿಗೆ ರೂಡ್ ಅಂದರೆ ಒರಟು. ಫ್ರ್ಯಾಂಕ್ ಅಂದರೆ ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ ಅಂತ. ಕಿಲಾಡಿಗೆ ಕನ್ನಿಂಗ್ ಅನ್ನಬೇಡ, ಕ್ಲೆವರ್ ಅನ್ನು. ಕ್ವಾರಲ್ಸಮ್ ಅಂದರೆ ಜಗಳಗಂಟಿ, ಅದನ್ನಂತೂ ಬಾಯಿಗೇ ತರಬೇಡ. ತಿಳೀತಾ?"

"ತಿಳೀತು. ಕೆಟ್ಟ ಪದ ಬಂದರೆ ಒಳ್ಳೇದಕ್ಕೆ ಬದಲಾಯಿಸಬೇಕು."

"ಅಷ್ಟೇ!"

ದೇವೀರಮ್ಮನಿಗೂ ಸಮಾಧಾನ ಆಯಿತು. ಮಗ ಮೊದಲ ಸಲ ಏನನ್ನೋ ಅರ್ಥ ಮಾಡಿಕೊಂಡ ಹಾಗೆ ಕಂಡ.

ಆ ಸೋಮವಾರ ಮೇಷ್ಟ್ರೇ ಬಂದುಬಿಟ್ಟರು. ಜಗಲಿ ಮೇಲೆ ಕೂತರು. ತಾಯಿ ಮಗಳು ಬಾಗಿಲ ಹಿಂದೆ ಕಿವಿಗೊಟ್ಟು ನಿಂತರು.

"ನಿಮ್ಮ ತಾಯಿ ಹೇಗಪ್ಪಾ?"

"ಫರ್ಮ್ ಸಾರ್!"

ಒಳಗೆ ದೇವೀರಮ್ಮ ಕೈ ಮುಗಿದಳು.

"ಮೊದಲು ಸ್ಟಬ್ಬರ್ನ್ ಅಂತ ಬಂತು ಸಾರ್. ಬದಲಾಯಿಸಿದೆ."

ಮುಗಿದ ಕೈ ಹಣೆಗೆ ಹೋಯಿತು.

"ಓಹೋ! ತಂಗಿ?"

"ಫ್ರ್ಯಾಂಕ್ ಸಾರ್! ರೂಡ್ ಅಂತ ಇತ್ತು, ಅದನ್ನೂ ಬದಲಾಯಿಸಿದೆ. ಇನ್ನೊಂದಿದೆ ಸಾರ್, ಕ್ಲೆವರ್. ಅದರ ಮೊದಲಿಂದು..."

"ಅಣ್ಣಾ!" ಅಂತ ಒಳಗಿಂದ ಜಯಶೀಲ ಕಿರುಚಿದಳು.

"...ಕನ್ನಿಂಗ್!" ಅಂತ ಗುರುಪಾದ ಮುಗಿಸಿದ.

ಮೇಷ್ಟ್ರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದರು. ಮೆಟ್ಟಿಲಿಳಿಯುತ್ತಾ ಹೇಳಿದರು. "ತಾಯೀ, ಭಾನುವಾರ ಇವನನ್ನ ಇನ್ನೊಂದು ಸಲ ಕಳಿಸಿ. ಅವತ್ತು ತೀರ್ಮಾನ. ಬೇರೆ ಯಾರನ್ನೂ ಕಳಿಸಬೇಡಿ. ಈ ಹುಡುಗನಿಗೆ ಸುಳ್ಳು ಬರಲ್ಲ, ನನಗೆ ಇವನೇ ಬೇಕು."

ಅವರು ಬೀದಿ ತಿರುಗೋದನ್ನೇ ಕಾದಿದ್ದು ದೇವೀರಮ್ಮ ಮಗನ ಮೇಲೆ ಬಿದ್ದಳು. "ಬದಲಾಯಿಸಿದೆ ಅಂತ ಸಾರಿ ಹೇಳ್ತಾರೇನೋ? ಕೆಟ್ಟ ಪದ ಬಾಯಿಗೆ ಬಂದರೆ ನುಂಗಿಕೊಳ್ಳೋ! ನುಂಗು! ಒಳ್ಳೇದು ಮಾತ್ರ ಹೊರಗೆ ಬರಲಿ!"

"ಸರಿ ಅವ್ವಾ. ಹಾಗೇ ಮಾಡ್ತೀನಿ."

ಆ ಮಾತು ಕೇಳಿದಾಗಲೇ ಅವಳಿಗೆ ಭಯ ಆಗಬೇಕಿತ್ತು.

ಭಾನುವಾರ ಮೇಷ್ಟ್ರು ನೋಟ್‌ಬುಕ್ ಬಿಚ್ಚಿ ಕೂತರು. ಪಕ್ಕದಲ್ಲಿ ಗಂಗಾಂಬಿಕಮ್ಮ. ವೃಷಭೇಂದ್ರ ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದ.

"ಹುಡುಗಿ ಬುದ್ಧಿ ಹೇಗಪ್ಪಾ?"

ಗುರುಪಾದ ಕಣ್ಣುಮುಚ್ಚಿ ಗುಳಕ್ ಅಂತ ನುಂಗಿದ. "ಕ್ಲೆವರ್."

"ಮಾತು?"

ಗುಳಕ್. "ಫ್ರ್ಯಾಂಕ್."

"ಮನಸ್ಸು?"

ಗುಳಕ್. "ಫರ್ಮ್."

"ನೆರೆಹೊರೆಯವರ ಜೊತೆ ಹೇಗಿರ್ತಾಳೆ?"

ಈಗ ಕತ್ತು ಚಾಚಿದ, ಎದೆ ತಟ್ಟಿಕೊಂಡ, ಕಣ್ಣಲ್ಲಿ ನೀರು ಬಂತು. ಗಂಗಾಂಬಿಕಮ್ಮ ಗಾಬರಿಯಾಗಿ ಎದ್ದರು. "ಏನಾಯ್ತಪ್ಪಾ? ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ?"

"ಕೆಟ್ಟ ಪದ ಅಮ್ಮಾ. ಮೂರು ನುಂಗಿದೆ. ಇದು ಒಳಗೆ ಹೋಗ್ತಿಲ್ಲ, ದೊಡ್ಡದು."

"ಯಾವುದಪ್ಪಾ ಅದು?"

"ಕ್ವಾರಲ್ಸಮ್!" ಹೇಳಿಬಿಟ್ಟು ಗುರುಪಾದ ಹಾಯಾಗಿ ಉಸಿರು ಬಿಟ್ಟ.

ಜಗಳಗಂಟಿ! ವೃಷಭೇಂದ್ರ ತಲೆ ಮೇಲೆ ಕೈಹೊತ್ತು ಕೂತ. ಮೇಷ್ಟ್ರು ಬರೆದುಕೊಂಡದ್ದನ್ನೆಲ್ಲ ಕೂಡಿಸಿ ಓದಿದರು. ಪೆದ್ದಿ, ನಾಲಗೆ ಚೂಪು, ಹಠಮಾರಿ, ಒರಟು, ಕಿಲಾಡಿ, ಜಗಳಗಂಟಿ. "ಇಂಥ ಹುಡುಗೀನ ನಾನು ಮೂವತ್ತೆರಡು ವರ್ಷದ ಸರ್ವೀಸಿನಲ್ಲೇ ಕಂಡಿಲ್ಲ," ಅಂದರು.

ಗುರುಪಾದ ಮನೆಗೆ ಬಂದು ಎಲ್ಲಾನೂ ಹೇಳಿದ. ಈ ಸಲ ದೇವೀರಮ್ಮ ಕೂಗಲಿಲ್ಲ. ಗಿರಣಿ ಬಾಗಿಲಲ್ಲಿ ಕುಸಿದು ಕೂತಳು. ಜಯಶೀಲ ಕತ್ತರಿ ಕೆಳಗಿಟ್ಟಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮುಖ ತೊಳೆದು, ಸೀರೆ ಬದಲಾಯಿಸಿ ಬಂದಳು. ಕಣ್ಣು ಕೆಂಪಗಿದ್ದವು.

"ನಡಿ ಅಣ್ಣಾ."

"ಎಲ್ಲಿಗೆ?"

"ಮೇಷ್ಟ್ರ ಮನೆಗೆ. ನೀನು ಬಾಯಿ ಬಿಡಬೇಡ."

ಮಧ್ಯಾಹ್ನದ ಬಸ್ಸಿಗೆ ಹೋದರು. ಜಯಶೀಲ ಮೇಷ್ಟ್ರ ಎದುರಿಗೇ ನಿಂತಳು. ಕೂತ್ಕೋ ಅಂದರೂ ಕೂರಲಿಲ್ಲ.

"ಸಾರ್, ನಮ್ಮಣ್ಣ ಹೇಳಿದ ಪದ ಎಲ್ಲ ನಾನೇ ಹೇಳಿಕೊಟ್ಟದ್ದು. ಕೆಲವು ನಿಜ. ಅಪ್ಪ ಹೋದಾಗ ಗಿರಣಿ ಮಾರಿಬಿಡಿ ಅಂದರು ನೆಂಟರೆಲ್ಲ. ಬೇಡ ಅಂತ ಹಠ ಹಿಡಿದೆ. ಜಗಳಾನೂ ಆಡಿದ್ದೀನಿ. ನಮ್ಮಣ್ಣನನ್ನ ಬೀದೀಲಿ ಯಾರಾದರೂ ಪೆದ್ದ ಅಂದರೆ ಅವರ ಮನೆ ಬಾಗಿಲಿಗೇ ಹೋಗಿ ಆಡಿದ್ದೀನಿ. ಅದಕ್ಕೆ ನಿಮ್ಮ ಪುಸ್ತಕದಲ್ಲಿ ಏನು ಬರ್ಕೋತೀರೋ ಬರ್ಕೊಳ್ಳಿ. ನಾನು ಬರ್ತೀನಿ."

ಮೇಷ್ಟ್ರು ಅವಳನ್ನ ನೋಡಿದರು. ಪಕ್ಕದಲ್ಲಿ ನಿಂತ ಆರಡಿ ಗುರುಪಾದನನ್ನ ನೋಡಿದರು. ಬಾಯಿ ಬಿಡಬೇಡ ಅಂದಿದ್ದಕ್ಕೆ ಅವನು ತುಟಿ ಎರಡನ್ನೂ ಬೆರಳಲ್ಲಿ ಹಿಡಿದುಕೊಂಡಿದ್ದ.

"ಇವನ ಜೊತೆ ಎಷ್ಟು ವರ್ಷದಿಂದ ಇದ್ದೀಯಮ್ಮಾ?"

"ಹುಟ್ಟಿದಾಗಿಂದ ಸಾರ್. ಇಪ್ಪತ್ತಮೂರು ವರ್ಷ."

"ಒಂದು ಸಲಾನೂ ಹೊಡೆದಿಲ್ಲವಾ?"

"ಪೊರಕೆ ಎತ್ತಿದ್ದೀನಿ ಸಾರ್. ಇಳಿಸಿದ್ದೀನಿ."

ಗಂಗಾಂಬಿಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟರು. ಮೇಷ್ಟ್ರು ಬರೆದದ್ದನ್ನೆಲ್ಲ ಜೀವಮಾನದಲ್ಲಿ ಮೊದಲ ಸಲ ಹೊಡೆದುಹಾಕಿದರು. ಕೆಳಗೆ ಒಂದು ಪದ ದೊಡ್ಡಕ್ಷರದಲ್ಲಿ ಬರೆದರು, ಗಟ್ಟಿಯಾಗಿ ಓದಿದರು.

"ಪೇಷೆಂಟ್! ಈ ಹುಡುಗಿ ಪೇಷೆಂಟ್! ಬರೋ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಮನೇಲೇ ನಿಶ್ಚಿತಾರ್ಥ!"

ವೃಷಭೇಂದ್ರ ಕುಣಿಯೋದೊಂದು ಬಾಕಿ. ಜಯಶೀಲ ತಲೆ ತಗ್ಗಿಸಿ ನಕ್ಕಳು. ಗುರುಪಾದ ಮಾತ್ರ ಬಿಳಿಚಿಹೋದ.

ಬಸ್ಸಿನಲ್ಲಿ ತಂಗಿಯನ್ನ ಕಿಟಕಿ ಪಕ್ಕ ಕೂರಿಸಿದ. ಅವಳ ಚೀಲ ತಾನೇ ಹಿಡಿದ. ಹಣೆ ಮುಟ್ಟಿ ಮುಟ್ಟಿ ನೋಡಿದ. "ಸುಸ್ತಾಗ್ತಿದೆಯಾ ಜಯಾ? ಮಲಗ್ತೀಯಾ?" ಅಂತ ದಾರಿಯುದ್ದಕ್ಕೂ ಕೇಳಿದ. ಅಣ್ಣನಿಗೆ ಕಡೆಗೂ ಬುದ್ಧಿ ಬಂತು ಅಂದುಕೊಂಡಳು ಆ ಹುಡುಗಿ.

ಮಾರನೇ ದಿನ ದೇವೀರಮ್ಮ ಹೇಳಿದಳು. "ಮೂವತ್ತು ಮನೆಗೆ ಹೋಗು. ಭಾನುವಾರ ಜಯಾನ ನೋಡೋಕೆ ಎಲ್ಲರೂ ಬರಬೇಕಂತೆ ಅಂತ ಕರಿ. ಮೇಷ್ಟ್ರು ಅವಳ ಬಗ್ಗೆ ಏನಂದರು ಅನ್ನೋದನ್ನೂ ಹೇಳು. ಊರಿಗೆಲ್ಲ ಗೊತ್ತಾಗಲಿ!"

ಗುರುಪಾದ ಹೋದ, ಕರೆದ, ಬಂದ.

ಭಾನುವಾರ ಹತ್ತು ಗಂಟೆಗೆ ಮೇಷ್ಟ್ರ ಕಡೆಯವರು ಬಂದಿಳಿದರು. ಜಮಖಾನ ಹಾಸಿದೆ, ಎಲೆ ಅಡಿಕೆ ತಟ್ಟೆ ಇದೆ, ಉಪ್ಪಿಟ್ಟು ಕೇಸರಿಬಾತು ಇದೆ. ಊರಿನವರು ಒಬ್ಬರೂ ಇಲ್ಲ! ದೇವೀರಮ್ಮ ಬಾಗಿಲಿಗೂ ಬೀದಿಗೂ ಓಡಾಡಿ ಕಾಲು ಸೋತಿತು. "ನಿಮಗೆ ಊರಲ್ಲಿ ಆಗದವರೇ ಜಾಸ್ತಿಯಾ?" ಅಂತ ಗಂಗಾಂಬಿಕಮ್ಮ ಮೆಲ್ಲಗೆ ಕೇಳಿದರು. ಖಾಲಿ ಜಮಖಾನದ ಮುಂದೆಯೇ ತಾಂಬೂಲ ಬದಲಾಯಿಸಿಕೊಂಡರು. ಊಟ ಆಯಿತು.

ನಾಲ್ಕು ಗಂಟೆ ಹೊಡೆಯಿತು ನೋಡಿ, ಇಡೀ ಬೀದಿಯೇ ಬಂತು! ಒಬ್ಬರ ಕೈಲಿ ಬ್ರೆಡ್ಡು, ಒಬ್ಬರ ಕೈಲಿ ಮೂಸಂಬಿ, ಒಬ್ಬರ ಕೈಲಿ ಎಳನೀರು, ಒಬ್ಬಳು ಫ್ಲಾಸ್ಕಿನಲ್ಲಿ ಗಂಜಿ. ರೇಷ್ಮೆ ಸೀರೆ ಉಟ್ಟು ಕೂತ ಜಯಶೀಲಳ ತಲೆ ಸವರಿ, "ಅಯ್ಯೋ ಕೂಸೇ, ಇಷ್ಟು ಚಿಕ್ಕ ವಯಸ್ಸಿಗೆ ಏನಾಯ್ತೇ!" ಅಂತ ಅಳೋಕೆ ಶುರು.

"ಯಾರು ಹೇಳಿದ್ದು ನಿಮಗೆ?" ಅಂತ ಕೂಗಿದಳು ದೇವೀರಮ್ಮ.

"ನಾನೇ ಅವ್ವಾ," ಅಂದ ಗುರುಪಾದ. "ಜಯಾ ಪೇಷೆಂಟ್ ಅಂತೆ, ಮೇಷ್ಟ್ರು ಪುಸ್ತಕದಲ್ಲೇ ಬರೆದರು, ಬಂದು ನೋಡಿ ಅಂದೆ. ಆಸ್ಪತ್ರೇಲಿ ಪೇಷೆಂಟ್ ನೋಡೋದು ನಾಲ್ಕರಿಂದ ಆರಲ್ಲವಾ? ಅದಕ್ಕೇ ನಾಲ್ಕಕ್ಕೆ ಬನ್ನಿ ಅಂದೆ."

"ಲೋ! ಪೇಷೆಂಟ್ ಅಂದರೆ ತಾಳ್ಮೆ ಇರೋರು ಕಣೋ! ತಾಳ್ಮೆ! ತಾಳ್ಮೆ!" ದೇವೀರಮ್ಮ ಸೌಟು ಎತ್ತಿದಳು. "ಎಷ್ಟು ಸಲ ಬಾಯಿ ಬಡ್ಕೊಳ್ಳಲೋ! ಪೇಷೆಂಟ್ ಅಂದರೆ ತಾಳ್ಮೆ, ತಾಳ್ಮೆ ಅಂದರೆ ಪೇಷೆಂಟ್! ತಲೇಲಿ ಬರ್ಕೋ!"

"ಹಾಗಾದರೆ ಜಯಾ ಸಾಯಲ್ಲವಾ?" ಅಂದ ಗುರುಪಾದ. ಅಂದು ಅಲ್ಲೇ ಕೂತು ಮಗು ಥರ ಅತ್ತುಬಿಟ್ಟ. ಒಂದು ವಾರದಿಂದ ಅವನು ಸರಿಯಾಗಿ ಉಂಡಿರಲಿಲ್ಲ ಅನ್ನೋದು ಆಗ ಎಲ್ಲರಿಗೂ ನೆನಪಾಯಿತು. ದೇವೀರಮ್ಮ ಸೌಟು ಕೆಳಗಿಟ್ಟಳು. ಜಯಶೀಲ ಒಂದು ಮೂಸಂಬಿ ಸುಲಿದು ಅಣ್ಣನ ಬಾಯಿಗಿಟ್ಟಳು.

ಮದುವೆ ದಿನ ಬಂತು. ಕಲ್ಯಾಣ ಮಂಟಪದಲ್ಲಿ ಧಾರೆ ಸುಸೂತ್ರವಾಗಿ ಆಯಿತು. ಗುರುಪಾದ ಯಾರಿಗೂ ಒಂದು ಇಂಗ್ಲಿಷ್ ಪದ ಹೇಳಲಿಲ್ಲ. ದೇವೀರಮ್ಮ ಆರು ತಿಂಗಳಲ್ಲಿ ಮೊದಲ ಸಲ ನೆಮ್ಮದಿಯಾಗಿ ಉಸಿರಾಡಿದಳು.

ಎರಡನೇ ಪಂಕ್ತಿ ಕೂತಾಗ ಊಟದ ಮನೆಯಿಂದ ಗಲಾಟೆ. ಬಡಿಸೋ ಇಬ್ಬರು ಸಿಡುಕುಮೂತಿಯವರು. ಇನ್ನೊಂದು ಸ್ವಲ್ಪ ಸಾರು ಅಂದ ಗಂಡಿನ ಕಡೆಯ ಮುದುಕರಿಗೆ, "ಒಂದು ಸಲ ಹಾಕಿಲ್ಲವಾ?" ಅಂದುಬಿಟ್ಟಿದ್ದಾರೆ. ಮುದುಕರು ಎಲೆ ಬಿಟ್ಟು ಎದ್ದಿದ್ದಾರೆ. ದೇವೀರಮ್ಮ ಮುದುಕರ ಕಾಲು ಹಿಡಿದು ಕೂರಿಸಿ, ಬಡಿಸೋರನ್ನ ಆಚೆ ಕಳಿಸಿ, ಎದುರಿಗೆ ಕಂಡ ಮಗನಿಗೆ ಹೇಳಿದಳು.

"ಓಡೋ ಗುರುಪಾದ! ಬಡಿಸೋಕೆ ತಾಳ್ಮೆ ಇರೋರು ಒಂದು ನಾಲ್ಕು ಜನ ಕರ್ಕೊಂಡು ಬಾ! ಎಲ್ಲಿದ್ದರೂ ಹುಡುಕಿ ಕರ್ಕೊಂಡು ಬಾ!"

ತಾಳ್ಮೆ ಇರೋರು! ಎಲ್ಲಿರ್ತಾರೆ? ಗುರುಪಾದ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ನೆಟ್ಟಗೆ ರಸ್ತೆ ದಾಟಿ ಎದುರಿಗಿದ್ದ ಆಸ್ಪತ್ರೆಗೆ ನುಗ್ಗಿದ.

"ಸಿಸ್ಟರ್, ಇಲ್ಲಿ ಪೇಷೆಂಟ್ ಯಾರು?"

"ಈ ವಾರ್ಡಿನಲ್ಲಿರೋರೆಲ್ಲ ಪೇಷೆಂಟೇ ಕಣ್ರೀ," ಅಂದು ಆಕೆ ಔಷಧಿ ತರೋಕೆ ಒಳಗೆ ಹೋದಳು.

ಗುರುಪಾದ ಕೈಮುಗಿದ. ಇಷ್ಟು ಜನ ತಾಳ್ಮೆಯವರನ್ನ ಒಂದೇ ಕಡೆ ಅವನು ಕಂಡೇ ಇರಲಿಲ್ಲ. "ಅಣ್ಣಂದಿರಾ, ನನ್ನ ತಂಗಿ ಮದುವೆ. ಬಂದು ಬಡಿಸಿಕೊಡಿ, ಆಮೇಲೆ ನಿಮಗೂ ಹೋಳಿಗೆ ಊಟ!"

ವಾರದಿಂದ ಗಂಜಿ ಕುಡಿದವರು, ಹೋಳಿಗೆ ಅಂದರೆ ಬಿಡ್ತಾರಾ?

ಹತ್ತು ನಿಮಿಷಕ್ಕೆ ಊಟದ ಮನೆ ಬಾಗಿಲಲ್ಲಿ ಸಾಲಾಗಿ ಬಂದರು. ಮುಂದೆ ತಲೆಗೆ ಬ್ಯಾಂಡೇಜ್ ಸುತ್ತಿದವನು ಅನ್ನದ ಬುಟ್ಟಿ ಹಿಡಿದ. ಕಾಲಿಗೆ ಸಿಮೆಂಟ್ ಪಟ್ಟಿ ಹಾಕಿದವನು ಊರುಗೋಲು ಕಂಕುಳಲ್ಲಿಟ್ಟು ಕುಂಟುತ್ತಾ ಪಲ್ಯ ಬಡಿಸಿದ. ಕೈ ಕೊರಳಿಗೆ ಕಟ್ಟಿಕೊಂಡವನು ಇನ್ನೊಂದು ಕೈಲಿ ಉಪ್ಪಿನಕಾಯಿ. ನಾಲ್ಕನೆಯವನು ಸಾರಿನ ಬಕೆಟ್ ಹಿಡಿದು ಬರ್ತಿದ್ದರೆ, ಅವನ ಹಿಂದೆ ಗುರುಪಾದನೇ ಗ್ಲೂಕೋಸ್ ಬಾಟಲಿಯನ್ನ ಎತ್ತಿ ಹಿಡಿದುಕೊಂಡು ಎಲೆಯಿಂದ ಎಲೆಗೆ ಬರ್ತಿದ್ದ.

ಪಂಕ್ತಿಗೆ ಪಂಕ್ತಿಯೇ ಎದ್ದು ನಿಂತಿತು. ಶಾಂತವೀರಪ್ಪ ಮೇಷ್ಟ್ರ ಕೈಲಿದ್ದ ತುತ್ತು ಕೈಲೇ ಉಳಿಯಿತು. ಮದುಮಗಳು ಸೆರಗಲ್ಲಿ ಮುಖ ಮುಚ್ಚಿಕೊಂಡಳು, ಅಳ್ತಿದ್ದಾಳೋ ನಗ್ತಿದ್ದಾಳೋ ವೃಷಭೇಂದ್ರನಿಗೆ ತಿಳಿಯಲಿಲ್ಲ. ದೇವೀರಮ್ಮ ಗೋಡೆಗೆ ಹಣೆ ಚಚ್ಚಿಕೊಂಡಳು.

ಗುರುಪಾದ ಬಾಟಲಿ ಎತ್ತಿ ಹಿಡಿದೇ ಅವ್ವನ ಹತ್ತಿರ ಬಂದ. ಮುಖದ ತುಂಬ ಹೆಮ್ಮೆ.

"ನಾಲ್ಕು ಜನ ಸಾಕಾ ಅವ್ವಾ? ಆಸ್ಪತ್ರೇಲಿ ಇನ್ನಿಬ್ಬರು ಇದ್ದಾರೆ, ತುಂಬಾ ಸೀರಿಯಸ್ ಅಂತೆ. ಕರೆದರೂ ಮಾತಾಡಲ್ಲ, ನಗಲ್ಲ. ಅಂಥ ಗಂಭೀರ ಜನ ಸಿಗೋದು ಕಷ್ಟ. ಮಂಚದ ಸಮೇತ ಹೊತ್ತು ತಂದು ಪಾಯಸಕ್ಕೆ ನಿಲ್ಲಿಸಲಾ?"